ಹಾರುವ ಕಪ್ಪೆಯ ಪ್ರವಚನ

ದೊಡ್ಡೀರ ಆಶ್ರಮ ಸೇರಿ ಎರಡೇ ವರ್ಷ. ಬಾಯಿ ಮಾತ್ರ ಇಪ್ಪತ್ತು ವರ್ಷ ತಪಸ್ಸು ಮಾಡಿದವನದು.

ಆ ದಿನ ಸಂಜೆ ಅವನ ಮೊದಲ ಪ್ರವಚನ. ಕೇಳಲು ಬರುವವರು ಅವನ ಊರಿನವರೇ; ಇವನು ಯಾತಕ್ಕೂ ಬಾರದವನು ಎಂದು ನಕ್ಕು ಕಳಿಸಿದವರು.

"ಏನು ಹೇಳ್ತೀಯ?" ಎಂದರು ಗುರುಗಳು.

"ಹಾರುವ ಕಪ್ಪೆ. ರೆಕ್ಕೆಯಿಲ್ಲ, ಬೆರಳ ನಡುವಿನ ತೊಗಲು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತೆ. ಕಪ್ಪೆಗೆ ಆಗೋದು ಮನುಷ್ಯನಿಗೆ ಆಗಲ್ವಾ ಅಂತ ಕೇಳ್ತೀನಿ. ಜನ ಎದ್ದು ನಿಲ್ಲದಿದ್ದರೆ ನನ್ನ ಹೆಸರು ದೊಡ್ಡೀರನೇ ಅಲ್ಲ."

ಗುರುಗಳು ನಿಟ್ಟುಸಿರುಬಿಟ್ಟರು.

ಸಂಜೆ ಪ್ರವಚನಕ್ಕೆ ಕೂರಬೇಕಿದ್ದ ಕೊಳದ ಕಟ್ಟೆಯ ಮೇಲೆ ದೊಡ್ಡೀರ ಒಮ್ಮೆ ಕೂತು ನೋಡಿದ. ನೀರಿನ ಮೇಲೆ ಬಾಗಿದ್ದ ಕೊಂಬೆಯೊಂದು ಮುಖಕ್ಕೆ ಅಡ್ಡ. ಅದರ ಎಲೆಗಳ ನಡುವೆ ಬಿಳಿ ನೊರೆ. ಯಾರೋ ಉಗಿದಿದ್ದಾರೆ ಎಂದುಕೊಂಡು ಮಚ್ಚು ತಂದು ಒಂದೇ ಏಟಿಗೆ ಕಡಿದು ಕಟ್ಟೆಗೆ ಎಳೆದ.

ಗುರುಗಳು ಓಡಿ ಬಂದು ನೊರೆ ಸರಿಸಿದರು. ಒಳಗೆ ಸಣ್ಣ ಬಾಲಗಳು ಮಿಸುಕುತ್ತಿದ್ದವು.

"ಏನಿದು, ಗುರುಗಳೇ?"

"ನಿನ್ನ ಪ್ರವಚನ. ಹಾರುವ ಕಪ್ಪೆಯ ಮರಿಗಳು. ಮಳೆಗೆ ನೊರೆ ಕರಗಿ ತಾವಾಗಿಯೇ ನೀರಿಗೆ ಬೀಳಬೇಕು. ನೆಲಕ್ಕೆ ಬಿದ್ದರೆ ಸತ್ತವು. ನೀರಿಗಿಳಿ, ಕೊಂಬೆ ಎತ್ತಿ ಹಿಡಿ."

"ಎಷ್ಟು ಹೊತ್ತು?"

"ಮೋಡವನ್ನ ಕೇಳು."

"ಹಗ್ಗದಲ್ಲಿ ಕಟ್ಟಿಬಿಡಲಾ?"

"ಕಡಿಯೋಕೆ ಕೈ ಇತ್ತು, ಹಿಡಿಯೋಕೆ ಹಗ್ಗ ಬೇಕಾ?"

ಸಂಜೆ ಊರವರು ಬಂದು ದಂಡೆಯಲ್ಲಿ ಕೂತರು. ನೀರಲ್ಲಿ ಕೊಂಬೆ ಎತ್ತಿ ಹಿಡಿದು ನಿಂತಿದ್ದ ದೊಡ್ಡೀರನನ್ನು ಅವನ ಸೋದರತ್ತೆ ಪುಟ್ಟನಂಜಿ ಮೇಲಿಂದ ಕೆಳಗೆ ನೋಡಿದಳು.

"ಏನ್ಲಾ, ಸ್ವಾಮಿ ಆಗ್ತೀನಿ ಅಂತ ಬಂದೋನು ಚಪ್ಪರದ ಕಂಬ ಆಗಿದ್ದೀಯಲ್ಲ."

"ಸುಮ್ನಿರು ಅತ್ತೆ. ಮರಿ ಇವೆ."

"ಯಾವ ಮರಿ?"

ಅವನಿಗೆ ರೇಗಿಹೋಯಿತು. ತೋಳು ಸೋತಿತ್ತು, ಬಾಯಿಪಾಠ ಮಾಡಿದ್ದೆಲ್ಲ ಮರೆತಿತ್ತು.

"ಬಂದು ನೋಡಬಾರದಾ?"

ಅತ್ತೆ ಸೆರಗು ಸಿಕ್ಕಿಸಿ ನೀರಿಗಿಳಿದಳು. ಬಗ್ಗಿ ನೋಡಿದಳು. ಆಮೇಲೆ ಕೊಂಬೆಯ ಇನ್ನೊಂದು ತುದಿಗೆ ಕೈ ಕೊಟ್ಟಳು.

ಹನಿ ಶುರುವಾಯಿತು. ನೊರೆ ಕರಗಿತು. ಮರಿಗಳು ಒಂದೊಂದಾಗಿ ನೀರಿಗೆ ಜಾರಿದವು.

ಎತ್ತರದ ಮರದಿಂದ ಹಸಿರು ಕಪ್ಪೆಯೊಂದು ಕೆಂಪು ಬೆರಳು ಬಿಚ್ಚಿ ತೇಲಿ ಬಂದು ದೊಡ್ಡೀರನ ಮೊಣಕೈ ಮೇಲೆ ಕೂತಿತು.

ದಂಡೆಯಲ್ಲಿದ್ದ ಜನರೆಲ್ಲ ಎದ್ದು ನಿಂತಿದ್ದರು.

ದೊಡ್ಡೀರ ಗಂಟಲು ಸರಿಮಾಡಿಕೊಂಡ. "ಗುರುಗಳೇ, ಇನ್ನು ಶುರು ಮಾಡಲಾ?"

ಗುರುಗಳು ಹಣೆ ಚಚ್ಚಿಕೊಂಡರು.

"ಮುಗಿದಿದ್ದನ್ನ ಇನ್ನೆಲ್ಲಿಂದ ಶುರು ಮಾಡ್ತೀಯೋ?"