ಮಡುವಿನ ಮಕ್ಕಳ ಸಂಘದ ಅಧ್ಯಕ್ಷ

ಒಂದು ಕಾಡಿನಲ್ಲಿ ಒಂದು ನರಿ ಇತ್ತು. ತಾನು ಮಹಾ ಬುದ್ಧಿವಂತ ಅಂತ ಅದಕ್ಕೆ ಜಂಬ. ಮಕ್ಕಳೇ, ಕಥೆ ಮುಂದೆ ಹೋಗುವ ಮೊದಲೇ ಹೇಳಿಬಿಡುತ್ತೇನೆ, ಆ ನರಿ ನಾನೇ. ಹೆಸರು ಜಕ್ಕಣ್ಣ. ಈ ಕಥೆಯನ್ನು ಬೇರೆಯವರು ಹೇಳಿದರೆ ನನ್ನನ್ನು ಇನ್ನೂ ದೊಡ್ಡ ಪೆದ್ದನನ್ನಾಗಿ ಮಾಡುತ್ತಾರೆ. ಅದಕ್ಕೇ ನಾನೇ ಹೇಳಿಕೊಳ್ಳುವುದು ಕ್ಷೇಮ.

ನಮ್ಮದು ಕುರುಚಲು ಕಾಡು. ಮಳೆ ಕಡಿಮೆ, ಮುಳ್ಳು ಜಾಸ್ತಿ. ನಡುವೆ ಒಂದು ಅತ್ತಿಮರ, ಅದರ ಕೆಳಗೆ ಒಂದು ಮಡು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಒಣಗಿದರೂ ಆ ಅತ್ತಿಮಡುವಿನಲ್ಲಿ ನೀರು ಇರುತ್ತಿತ್ತು. ಎಲ್ಲರೂ ಅಲ್ಲೇ ಕುಡಿಯುತ್ತಿದ್ದರು. ನೀನು ಯಾರು, ಎಲ್ಲಿಯವನು ಅಂತ ಯಾರೂ ಕೇಳುತ್ತಿರಲಿಲ್ಲ. ನೀರು ಕುಡಿಯುವಾಗ ಬಾಯಿಗೆ ಬಿಡುವು ಎಲ್ಲಿದೆ?

ನಮ್ಮ ಕಾಡಿನಲ್ಲಿ ಒಂದು ಪದ್ಧತಿ. ಮರಿ ಕಣ್ಣು ಬಿಟ್ಟ ಮೇಲೆ ತಾಯಿ ಅದನ್ನು ಮಡುವಿಗೆ ತಂದು ಮೂಗನ್ನು ನೀರಿಗೆ ಅದ್ದುತ್ತಾಳೆ. ಮರಿ ಸೀನುತ್ತದೆ. ನಿಂತವರೆಲ್ಲ ನಗುತ್ತಾರೆ. ಇದಕ್ಕೆ ಮೂಗದ್ದುವುದು ಅಂತ ಹೆಸರು. ಅದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ನಾನು ಕೈಹಾಕುವವರೆಗೆ.

ಒಂದು ದಿನ ಬೆಳಿಗ್ಗೆ ಕಾಡುಹಂದಿ ದುಗ್ಗಕ್ಕನ ಏಳು ಮರಿಗಳು ಮಡುವಿನ ದಡದಲ್ಲಿ ಹೊರಳಾಡಿ ಕೆಸರು ಮಾಡಿದ್ದವು. ನಾನು ಬಾಲ ಎತ್ತಿಕೊಂಡು, ಎದೆ ಉಬ್ಬಿಸಿಕೊಂಡು ಬಂದೆ. ಕಾಲು ಜಾರಿತು. ಹಿಂಭಾಗ ಊರಿಕೊಂಡು ಸರ್ರಂತ ನೀರಿನವರೆಗೂ ಹೋದೆ. ಇಡೀ ಮಡು ಬಿದ್ದು ಬಿದ್ದು ನಕ್ಕಿತು. ಹುಟ್ಟಿದಾಗಿನಿಂದ ನಗದ ಕಡವೆ ಕೋಡಯ್ಯ ಕೂಡ ನಕ್ಕ.

"ಅಯ್ಯೋ, ಏಟಾಯ್ತೇನಪ್ಪಾ ಜಕ್ಕಣ್ಣಾ?" ಅಂತ ದುಗ್ಗಕ್ಕ ಓಡಿ ಬಂದಳು.

ಅವಳೂ ನಕ್ಕಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವಳು ಮರುಕ ತೋರಿಸಿದಳು. ಅದು ನನಗೆ ತಡೆಯಲಾಗಲಿಲ್ಲ. ಎರಡು ದಿನ ಗವಿಯೊಳಗೆ ಮಲಗಿ ಹಲ್ಲು ಕಡಿದೆ. ಸೇಡು ತೀರಿಸಿಕೊಳ್ಳಬೇಕು. ಆದರೆ "ನಾನು ಜಾರಿ ಬಿದ್ದೆ, ಅದಕ್ಕೆ ಇವರನ್ನು ಓಡಿಸಿ" ಅಂತ ಹೇಳುವುದು ಹೇಗೆ? ಮರ್ಯಾದೆಯ ಪ್ರಶ್ನೆ. ಕೊನೆಗೆ ನನ್ನ ಘನವಾದ ತಲೆಗೆ ಒಂದು ಉಪಾಯ ಹೊಳೆಯಿತು.

ಮೂರನೆಯ ದಿನ ಅತ್ತಿಮರದ ಕೆಳಗೆ ಎಲ್ಲರನ್ನೂ ಕರೆದು ಭಾಷಣ ಮಾಡಿದೆ.

"ಬಂಧುಗಳೇ! ನಮ್ಮ ನೀರು ಕಲಕಿದೆ. ಯಾಕೆ ಕಲಕಿದೆ? ಹೊರಗಿನವರು ಬಂದು ಸೇರಿಕೊಂಡಿದ್ದಾರೆ!"

"ಹೊರಗಿನವರು ಅಂದ್ರೆ ಯಾರಣ್ಣಾ?" ಮೊಲ ಕೇಳಿತು.

"ಒಳಗಿನವರಲ್ಲದವರು" ಅಂದೆ.

ಎಲ್ಲರೂ ತಲೆದೂಗಿದರು. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಆದರೆ ಆವತ್ತು ಆ ಮಾತು ಬಹಳ ಆಳವಾಗಿದೆ ಅಂತ ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು.

ಮೂರು ಬೇಸಿಗೆಯ ಹಿಂದೆ ಆಚೆ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಆಗ ದುಗ್ಗಕ್ಕ ಜೀವ ಉಳಿಸಿಕೊಂಡು ಈ ಕಡೆ ಓಡಿ ಬಂದಿದ್ದಳು. ಅವಳ ಹಿಂದೆ ಮುಳ್ಳುಹಂದಿಗಳು, ನಾಲ್ಕು ನವಿಲು. ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಿರಲಿಲ್ಲ. ನಾನು ನೆನಪಿಸಿದೆ.

"ಇನ್ನು ಮೇಲೆ ಮಡುವಿನಲ್ಲಿ ಮೂಗು ಅದ್ದಿಸಿಕೊಂಡವರಿಗೆ ಮಾತ್ರ ನೀರು. ಅವರೇ ಮಡುವಿನ ಮಕ್ಕಳು!" ಅಂದೆ.

ದುಗ್ಗಕ್ಕ ಮೆಲ್ಲಗೆ ಮುಂದೆ ಬಂದಳು. "ನನ್ನ ಮಾತು ಬಿಡಪ್ಪಾ. ನನ್ನ ಏಳೂ ಮರಿಗಳ ಮೂಗು ಇಲ್ಲೇ ಅದ್ದಿದ್ದಲ್ವಾ? ನೀನೂ ಇದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ."

ನಿಜ. ನಾನು ತಬ್ಬಿಬ್ಬಾದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮಕ್ಕಳೇ, ಬುದ್ಧಿವಂತರು ಹಾಳಾಗುವುದು ಇಂಥ ಹೊತ್ತಿನಲ್ಲೇ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಮರಿಯ ಮೂಗು ಸಾಲದು. ತಾಯಿಯ ಮೂಗೂ ಇಲ್ಲೇ ಅದ್ದಿರಬೇಕು!"

"ಭಲೇ!" ಅಂತ ಕೋತಿ ಚೆಲುವಯ್ಯ ಮರದ ಮೇಲಿಂದ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಅಲ್ಲೇ ಸಂಘ ಆಯಿತು. ನಾನು ಅಧ್ಯಕ್ಷ. ಚೆಲುವಯ್ಯ ಕಾರ್ಯದರ್ಶಿ. ಕೋಡಯ್ಯ ಕೋಡು ಬಗ್ಗಿಸಿಕೊಂಡು ಕಾವಲಿಗೆ ನಿಂತ.

ದುಗ್ಗಕ್ಕ ಜಗಳ ಆಡಲಿಲ್ಲ. ಮರಿಗಳನ್ನು ಮುಂದೆ ಬಿಟ್ಟುಕೊಂಡು ಹೊರಟಳು. ಮುಳ್ಳುಹಂದಿಗಳೂ ನವಿಲುಗಳೂ ಅವಳ ಹಿಂದೆ ಹೋದವು. ಕೊನೆಯ ಮರಿ ಮಾತ್ರ ಹಿಂದಕ್ಕೆ ಓಡಿಬಂದು ಇನ್ನೆರಡು ಗುಟುಕು ಕುಡಿಯಿತು. ಕುಡಿಯುತ್ತ ನನ್ನನ್ನೇ ನೋಡುತ್ತಿತ್ತು. ನಾನು ಬೇರೆ ಕಡೆ ತಿರುಗಿಕೊಂಡೆ.

ಆಮೇಲೆ ನಮ್ಮ ದರ್ಬಾರು ಕೇಳಬೇಡಿ. ಸಂಘದವರು ಮೂಗಿಗೆ ಕೆಮ್ಮಣ್ಣು ಹಚ್ಚಿಕೊಳ್ಳಬೇಕು ಅಂತ ಮಾಡಿದೆ. ಅದು ಒಣಗಿದರೆ ಮೂಗೆಲ್ಲ ಕಡಿತ, ಒಂದೇ ಸಮನೆ ಸೀನು. ಆದರೂ ಯಾರೂ ಒರೆಸಿಕೊಳ್ಳಲಿಲ್ಲ. ಗೌರವ ಅಂದಮೇಲೆ ಸ್ವಲ್ಪ ಸೀನಬೇಕಾಗುತ್ತದೆ. ನಿನ್ನೆ ಮೊನ್ನೆಯವರೆಗೆ ಬರೀ ಮೊಲ ಆಗಿದ್ದವನು ಈಗ ಮಡುವಿನ ಮಗ. ನಡಿಗೆಯೇ ಬದಲಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗೆ.

ಮನೆಗೆ ಬಂದು ನನ್ನ ಹೆಂಡತಿ ಹೊನ್ನಿಗೆ ಎಲ್ಲವನ್ನೂ ಕೊಚ್ಚಿಕೊಂಡೆ. ಅವಳು ತುಂಬಿದ ಬಸುರಿ. ಪೂರ್ತಿ ಕೇಳಿಸಿಕೊಂಡು ಕೇಳಿದಳು:

"ತಾಯಿ ಮೂಗೂ ಇಲ್ಲೇ ಅದ್ದಿರಬೇಕು ಅಂದ್ರಾ?"

"ಹೂಂ! ಹೇಗಿದೆ?"

"ನನ್ನ ಮೂಗು ಅದ್ದಿದ್ದು ಎಲ್ಲಿ, ಗೊತ್ತಾ ನಿಮಗೆ?"

"ನಿನ್ನದು ಬಿಡು. ನೀನು ನಮ್ಮ ಮನೆಯವಳು" ಅಂದೆ.

ನಮ್ಮ ನರಿಗಳಲ್ಲಿ ಈ ಕಾಡಿನ ಹೆಣ್ಣನ್ನು ಈ ಕಾಡಿನವರಿಗೇ ತರುವುದಿಲ್ಲ. ಸೊಸೆ ಬರುವುದು ಆಚೆ ಗುಡ್ಡದಿಂದಲೇ. ನಮ್ಮ ಅಜ್ಜನ ಕಾಲದಿಂದಲೂ ಹಾಗೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಾಯ್ದೆ ಮಾಡುವವನಿಗೆ ಕಾಯ್ದೆ ಯಾವಾಗಲೂ ಎದುರಿಗಿರುವವರ ಮೇಲೆ ಕಾಣಿಸುತ್ತದೆ, ತನ್ನ ಮನೆಯ ಮೇಲೆ ಕಾಣಿಸುವುದಿಲ್ಲ.

ಬಿಸಿಲು ಏರಿತು. ಹೊನ್ನಿ ಮೂರು ಮರಿ ಹಾಕಿದಳು. ಎರಡು ಗಟ್ಟಿ, ಒಂದು ಬಡಕಲು. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಟ್ಟವು. ಅಧ್ಯಕ್ಷರ ಮರಿಗಳ ಮೂಗದ್ದುವುದು ಅಂದರೆ ಸಾಮಾನ್ಯವೇ? ಇಡೀ ಸಂಘ ಸಾಲಾಗಿ ನಿಂತಿತ್ತು. ಅಲ್ಲಿಯವರೆಗೆ ಹೊನ್ನಿ ದಿನಾ ಬಂದು ನೀರು ಕುಡಿದಿದ್ದಳು, ಯಾರೂ ಕೇಳಿರಲಿಲ್ಲ. ಆವತ್ತು ಕೋಡಯ್ಯ ಅಡ್ಡ ನಿಂತ.

"ತಾಯಿಯ ಮೂಗು ಅದ್ದಿದ್ದು ಎಲ್ಲಿ?"

ನಾನು ಕಣ್ಣು ಮಿಟುಕಿಸಿದೆ. ಕೋಡಯ್ಯನಿಗೆ ಕಣ್ಣು ಮಿಟುಕಿಸಿದರೆ ಅರ್ಥವಾಗುವುದಿಲ್ಲ. ಅದಕ್ಕೇ ಅವನನ್ನು ಕಾವಲಿಗೆ ನೇಮಿಸಿದ್ದು ನಾನೇ.

ಹೊನ್ನಿಗೆ ಸುಳ್ಳು ಬರುವುದಿಲ್ಲ. "ಆಚೆ ಗುಡ್ಡದ ಕಲ್ಲುಹಳ್ಳದಲ್ಲಿ" ಅಂದಳು.

"ಹಾಗಾದ್ರೆ ಆಗಲ್ಲ. ತಾಯಿಗೂ ಇಲ್ಲ, ಮರಿಗಳಿಗೂ ಇಲ್ಲ."

"ಕೋಡಯ್ಯಾ! ಇವಳು ನನ್ನ ಹೆಂಡತಿ ಕಣೋ!" ನಾನು ಕೂಗಿದೆ.

"ಗೊತ್ತು, ಅಧ್ಯಕ್ಷರೇ. ಆದರೆ ಮಾತು ನಿಮ್ಮದೇ ಅಲ್ವಾ?" ಅಂದ ಕೋಡಯ್ಯ, ಬಹಳ ಮರ್ಯಾದೆಯಿಂದ.

ಹೊನ್ನಿ ಮರಿಗಳನ್ನು ಕಚ್ಚಿಕೊಂಡು ವಾಪಸು ಬಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾರನೆಯ ದಿನ ಸಂಜೆ ಹೊತ್ತಿಗೆ ಅವಳ ಹಾಲು ಕಡಿಮೆಯಾಯಿತು. ಬಡಕಲು ಮರಿ ಚೀಪಿ ಚೀಪಿ ಸೋತು ಸುಮ್ಮನಾಯಿತು.

ಬೆಳಗಾಗುತ್ತಲೇ ಮಡುವಿಗೆ ಓಡಿದೆ. ನನಗಿನ್ನೂ ನೀರಿತ್ತಲ್ಲ! ಬಾಯಿ ತುಂಬ ನೀರು ತುಂಬಿಕೊಂಡೆ. ಕೆನ್ನೆ ಉಬ್ಬಿಸಿಕೊಂಡು, ಏನೂ ಆಗದವನ ಹಾಗೆ ಹೊರಟೆ. ದಾರಿಯಲ್ಲಿ ಚೆಲುವಯ್ಯ ಕೊಂಬೆಯಿಂದ ಇಳಿದ.

"ನಮಸ್ಕಾರ ಅಧ್ಯಕ್ಷರೇ."

ತಲೆ ಆಡಿಸಿದೆ.

"ಏನು, ಇವತ್ತು ಮಾತೇ ಇಲ್ಲ?"

ಮತ್ತೆ ತಲೆ ಆಡಿಸಿದೆ.

"ನೀರು ಕದ್ದು ಸಾಗಿಸ್ತಿದ್ದೀರಾ?"

ಸುಮ್ಮನೆ ನಡೆದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಗವಿ ಕಣ್ಣಿಗೆ ಕಾಣುತ್ತಿತ್ತು. ಇನ್ನು ಇಪ್ಪತ್ತು ಹೆಜ್ಜೆ.

ಚೆಲುವಯ್ಯ ಬಾಲ ಕೆರೆದುಕೊಂಡ. "ಅಲ್ಲಾ ಅಧ್ಯಕ್ಷರೇ, ಒಂದು ವಿಷಯ ಹೊಳೀತು. ನಿಮ್ಮ ತಾಯಿ ಎಲ್ಲಿಯವರು?"

"ನನ್ನ ತಾಯಿ ಸುದ್ದಿಗೆ ಬಂದರೆ ನೋಡು!" ಅಂತ ಅರಚಿದೆ.

ನೀರೆಲ್ಲ ನೆಲಕ್ಕೆ ಚೆಲ್ಲಿತು. ಒಣ ಮಣ್ಣು ಗಟಗಟ ಕುಡಿದುಬಿಟ್ಟಿತು. ನನ್ನ ಮರಿಯ ಜೀವ ಬಾಯಲ್ಲಿತ್ತು, ಮಕ್ಕಳೇ. ಒಂದು ಮಾತಿಗೆ ಉತ್ತರ ಕೊಡದೆ ಇರಲಾಗಲಿಲ್ಲ ನನಗೆ. ಆ ಹೊತ್ತು ನೆನೆದರೆ ಇವತ್ತಿಗೂ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

"ಸುದ್ದಿ ಬೇಡ. ಊರು ಹೇಳಿ ಸಾಕು" ಅಂದ ಚೆಲುವಯ್ಯ.

ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಧ್ಯಾಹ್ನದೊಳಗೆ ಸಂಘ ಸೇರಿತು. ನನ್ನ ತಾಯಿಯೂ ಆಚೆ ಗುಡ್ಡದವಳು, ಅವಳ ಮೂಗು ಈ ಮಡುವಿನಲ್ಲಿ ಅದ್ದಿಲ್ಲ, ಆದ್ದರಿಂದ ಜಕ್ಕಣ್ಣ ಮಡುವಿನ ಮಗ ಅಲ್ಲ ಅಂತ ಒಮ್ಮತದಿಂದ ತೀರ್ಮಾನವಾಯಿತು. ಭಾಷಣ ಮಾಡಿದವನು ಮೊಲ. ನನ್ನ ಭಾಷಣದ ಮಾತುಗಳನ್ನೇ ಒಂದೂ ಬಿಡದೆ ಹೇಳಿದ. ಚಪ್ಪಾಳೆಯೂ ಅದೇ. ಕೇಳಲು ಎಷ್ಟು ಕೆಟ್ಟದಾಗಿತ್ತು ಅಂತೀರಿ!

ಮನೆಗೆ ಬಂದೆ. ಹೊನ್ನಿ ಬಡಕಲು ಮರಿಯನ್ನು ನೆಕ್ಕುತ್ತಿದ್ದಳು. ಅವಳ ನಾಲಿಗೆಯೇ ಒಣಗಿತ್ತು.

"ದುಗ್ಗಕ್ಕನ ಹತ್ತಿರ ಹೋಗೋಣ" ಅಂದಳು. "ಒಣಹಳ್ಳದ ಮರಳು ಬಗೆದು ಒರತೆ ತೆಗೆದಿದ್ದಾಳಂತೆ."

"ಯಾವ ಮುಖ ಇಟ್ಕೊಂಡು ಹೋಗಲಿ? ನನ್ನ ಮಾನ ಏನಾಗಬೇಕು?"

"ಮಾನ ಹಾಲು ಕೊಡುತ್ತಾ?" ಅಂದಳು ಹೊನ್ನಿ.

ಮೂಗಿನ ಕೆಮ್ಮಣ್ಣನ್ನು ಹುಲ್ಲಿಗೆ ಉಜ್ಜಿ ಉಜ್ಜಿ ಒರೆಸಿದೆ. ಬಡಕಲು ಮರಿಯನ್ನು ನಾನು ಕಚ್ಚಿಕೊಂಡೆ. ಇನ್ನೊಂದನ್ನು ಅವಳು ಕಚ್ಚಿಕೊಂಡಳು. ಮೂರನೆಯದನ್ನು ಸ್ವಲ್ಪ ದೂರ ಅವಳು, ಸ್ವಲ್ಪ ದೂರ ನಾನು ಹಿಂದಕ್ಕೆ ಹೋಗಿ ಹೋಗಿ ತಂದೆವು. ಆ ದಾರಿ ಎಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ. ಏಳು ಮರಿಗಳ ಜೊತೆ ದುಗ್ಗಕ್ಕ ಅದೇ ದಾರಿಯಲ್ಲಿ ನಡೆದಿದ್ದಳು, ನಾನು ಅಟ್ಟಿದ ದಿನ.

ಒಣಹಳ್ಳದ ಮರಳಿನಲ್ಲಿ ಒಂದು ಗುಂಡಿ. ತಳದಲ್ಲಿ ಎರಡು ಬೊಗಸೆ ನೀರು. ಸುತ್ತ ಹಂದಿ, ಮುಳ್ಳುಹಂದಿ, ನವಿಲು. ದುಗ್ಗಕ್ಕನ ಮರಿಗಳು ಈಗ ಬೆಳೆದಿದ್ದವು. ನನ್ನನ್ನು ಕಂಡು ಒಂದು ಮುಂದೆ ಬಂತು.

"ಅವ್ವಾ, ಇವನಿಗೆ ನೀರು ಬಿಡಬೇಡ. ಇದು ನಾವು ಬಗೆದದ್ದು. ನಾವೂ ಒಂದು ಸಂಘ ಮಾಡೋಣ!"

ದುಗ್ಗಕ್ಕ ಮೂತಿಯಿಂದ ಅವನ ಪಕ್ಕೆಗೆ ಒಂದು ತಿವಿದಳು. "ಸಂಘ ಮಾಡಿದವನ ಮುಖ ಒಂದು ಸಲ ಸರಿಯಾಗಿ ನೋಡು. ನೀನೂ ಹೀಗೆ ಆಗಬೇಕಾ?"

ಅವನು ನೋಡಿದ. ಎಲ್ಲರೂ ನೋಡಿದರು. ಅವನು ತೆಪ್ಪಗೆ ಹಿಂದೆ ಸರಿದ. ನನ್ನ ಮುಖದಿಂದ ಲೋಕಕ್ಕೆ ಆದ ಉಪಕಾರ ಅಂದರೆ ಅದೊಂದೇ.

ದುಗ್ಗಕ್ಕ ಹೊನ್ನಿಯ ಕಡೆ ತಿರುಗಿದಳು. "ಬಾ ತಾಯಿ. ಬಾಣಂತಿ ಮೊದಲು ಕುಡೀಲಿ."

ಹೊನ್ನಿ ಕುಡಿದಳು. ಎಷ್ಟು ಹೊತ್ತು ಕುಡಿದಳು! ಮರಿಗಳ ಬಾಯಿಗೆ ದುಗ್ಗಕ್ಕನೇ ಮೂತಿಯಿಂದ ಹನಿಹನಿಯಾಗಿ ಬಿಟ್ಟಳು. ಬಡಕಲು ಮರಿ ಎರಡು ಹನಿ ನುಂಗಿತು. ಆಮೇಲೆ ಸೀನಿತು. ಯಾರೋ ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಅಳುತ್ತಿದ್ದೆ.

"ದುಗ್ಗಕ್ಕಾ, ತಪ್ಪಾಯ್ತು" ಅಂದೆ. "ಆವತ್ತು ಕೆಸರಲ್ಲಿ ಜಾರಿ ಬಿದ್ದೆನಲ್ಲ, ಅದಕ್ಕೇ ಇಷ್ಟೆಲ್ಲಾ ಮಾಡಿದ್ದು."

"ಅಷ್ಟಕ್ಕೇನಾ?" ದುಗ್ಗಕ್ಕ ಕಣ್ಣರಳಿಸಿದಳು. "ಅಯ್ಯೋ ಮುಂಡೇದೇ! ನಾವು ಏನೋ ಭಾರೀ ತಪ್ಪು ಮಾಡಿದ್ದೀವಿ ಅಂತ ಒಂದು ತಿಂಗಳಿಂದ ಯೋಚನೆ ಮಾಡಿ ಮಾಡಿ ಸಾಯ್ತಿದ್ದೆ ನಾನು."

ಆ ಮಾತು ನನಗೆ ತಟ್ಟಿದಷ್ಟು, ಕೋಡಯ್ಯ ಕೋಡಿನಿಂದ ತಿವಿದಿದ್ದರೂ ತಟ್ಟುತ್ತಿರಲಿಲ್ಲ.

ಅಲ್ಲೇ ಉಳಿದೆವು. ನನಗೆ ಮರಳು ಬಗೆಯುವ ಕೆಲಸ ಕೊಟ್ಟರು. ಅಧ್ಯಕ್ಷಗಿರಿಗಿಂತ ಕಷ್ಟದ ಕೆಲಸ, ಉಗುರು ಸವೆಯುತ್ತದೆ. ಅತ್ತ ಮಡುವಿನಲ್ಲಿ ದಿನಕ್ಕೊಬ್ಬರ ಅಮ್ಮ ಹೊರಗಿನವಳಾಗಿ, ಕೊನೆಗೆ ಕೋಡಯ್ಯ ಮತ್ತು ಚೆಲುವಯ್ಯ ಇಬ್ಬರೇ ಉಳಿದರಂತೆ. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಕೂತಿದ್ದರಂತೆ.

ಒಂದು ಮಧ್ಯಾಹ್ನ ಒರತೆಗೆ ಒಂದು ಮುಂಗುಸಿ ಸಂಸಾರ ಬಂತು. ನಾವು ಯಾರೂ ಅವರನ್ನು ಕಂಡವರಲ್ಲ. ಮೈಯೆಲ್ಲ ಧೂಳು, ಮರಿಗಳ ನಾಲಿಗೆ ಹೊರಗೆ. ಗುಂಡಿಯ ಬಾಯಲ್ಲಿ ಕೂತಿದ್ದವನು ನಾನು. ನನ್ನ ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಯಾರು ನೀವು? ಎಲ್ಲಿಂದ..."

ಹೊನ್ನಿ ನನ್ನ ಕಡೆ ನೋಡಿದಳು. ದುಗ್ಗಕ್ಕ ನೋಡಿದಳು. ನನ್ನ ಬಡಕಲು ಮರಿಯೂ ನೋಡಿತು.

"...ಎಲ್ಲಿಂದಾದರೂ ಬಂದಿರಲಿ, ಪಾಪ, ದಣಿದಿದ್ದೀರಿ. ಬನ್ನಿ, ಕುಡೀರಿ" ಅಂದೆ. ಅಂದು, ಗುಂಡಿಯ ಬಾಯಿಂದ ಎದ್ದು ಪಕ್ಕಕ್ಕೆ ಸರಿದು ಕೂತೆ.

ನೀತಿ: ಬೇರೆಯವರನ್ನು ಹೊರಗಟ್ಟಲು ಅವರ ಮೂಲ ಕೆದಕುವವನು, ಕೆದಕುತ್ತ ಕೆದಕುತ್ತ ತನ್ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾನೆ.