ಒಂದು ಆಕ್ಸಿಜನ್ ಕಮ್ಮಿ

ಕಾಲೇಜಿನ ಪ್ರಯೋಗಾಲಯಕ್ಕೆ ತಪಾಸಣೆಗೆ ಬಂದ ಸಾಹೇಬರಿಗೆ ಕಪಾಟಿನಲ್ಲಿ ಎರಡು ಬಾಟಲಿ ಕಂಡವು. ಒಂದು ಸೋಡಿಯಂ ಸಲ್ಫೇಟ್, ಇನ್ನೊಂದು ಸೋಡಿಯಂ ಸಲ್ಫೈಟ್.

ಅಟೆಂಡರ್ ದ್ಯಾವಯ್ಯನನ್ನು ಕರೆದು ಗದರಿದರು. "ಎರಡರಲ್ಲೂ ಅದೇ ಸೋಡಿಯಂ, ಅದೇ ಗಂಧಕ. ಸಲ್ಫೈಟಿನಲ್ಲಿ ಒಂದು ಆಕ್ಸಿಜನ್ ಕಮ್ಮಿ, ಅಷ್ಟೆ. ಅದಕ್ಕೇನು ಊರು ಮುಳುಗುತ್ತಾ? ಒಂದೇ ಬಾಟಲಿಗೆ ಸುರಿ. ಇಲ್ಲದಿದ್ರೆ ನಿನ್ನ ಮೇಲೆ ರಿಪೋರ್ಟ್ ಬರೀತೀನಿ."

ನಾಳೆಯೇ ಹುಡುಗರಿಗೆ ಲವಣ ಗುರುತಿಸುವ ಪರೀಕ್ಷೆ. ದ್ಯಾವಯ್ಯ ಎರಡು ನಳಿಕೆಗಳಲ್ಲಿ ಒಂದೊಂದು ಬಾಟಲಿಯಿಂದ ಚಿಟಿಕೆ ಚಿಟಿಕೆ ಲವಣ ಹಾಕಿ, ಮೇಲೆ ಆಸಿಡ್ ಬಿಟ್ಟ.

"ತಾವೇ ಒಮ್ಮೆ ಮೂಸಿ ಅಪ್ಪಣೆ ಕೊಡಿ ಸಾರ್, ಸುರೀತೀನಿ."

ಸಲ್ಫೇಟ್ ಮೂಸಿ, ವಾಸನೆಯೇ ಇಲ್ಲವೆಂದು ಸಾಹೇಬರು ನಕ್ಕರು. ಸಲ್ಫೈಟ್ ಮೂಸಿದವರೇ ಅದರ ಘಾಟಿಗೆ ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಕಿಟಕಿಗೆ ಓಡಿದರು.

"ಏನಯ್ಯಾ ಇದು?"

"ಒಂದು ಆಕ್ಸಿಜನ್ ಕಮ್ಮಿ, ಅಷ್ಟೆ ಸಾರ್. ಸುರಿದುಬಿಡ್ಲಾ?"