ಯೆರೂಸಲೇಮಿನ ಮಳೆ, ರೂತಮ್ಮನ ಭತ್ತ

ಹೊಳೆ ಕಡಲಿಗೆ ಸೇರುವಲ್ಲಿ ಯೆಹೂದ್ಯರ ಸಣ್ಣದೊಂದು ಕೇರಿ. ಅಲ್ಲಿ ಮೊರ್ದೆಕೈ ಎಂಬ ವಯಸ್ಸಾದ ಗುರುಗಳಿದ್ದರು. ಬಾರೂಕ ಅವರ ಶಿಷ್ಯ.

ಪರ್ಣಶಾಲೆಗಳ ಹಬ್ಬದ ಕೊನೆಗೆ ಮಳೆ ಬೇಡುವುದು ಅವರ ಸಂಪ್ರದಾಯ. ಬೇಡುವುದು ಪೂರ್ವಿಕರ ನಾಡಿನ ಹೊಲಗಳಿಗಾಗಿ; ದೂರದ ಯೆರೂಸಲೇಮಿನಲ್ಲಿ ಅದು ಬಿತ್ತನೆಯ ಕಾಲ. ಈ ಕರಾವಳಿಯಲ್ಲೋ, ಮಳೆ ಸುರಿದು ಸುರಿದು ಸಾಕಾಗಿ, ಕೊಯ್ದ ಭತ್ತ ಅಂಗಳದಲ್ಲಿ ಒಣಗುವ ಕಾಲ.

ಆ ವರ್ಷ ಪ್ರಾರ್ಥನೆ ನಡೆಸುವ ಭಾಗ್ಯ ಮೊದಲ ಸಲ ಬಾರೂಕನಿಗೆ ಬಂತು. ಸಭಾಮಂದಿರದಲ್ಲಿ ಎಲ್ಲರೂ ಎದ್ದು ನಿಂತರು. ಅವನ ದನಿ ಚೆನ್ನಾಗಿಯೇ ಹೊರಟಿತು. ಆದರೆ ಮಳೆಯ ಮಾತು ಬಂದಾಗ ಬರೀ ತುಟಿ ಅಲುಗಿತು.

ಹೊರಗೆ ಬಂದ ಮೇಲೆ ಗುರುಗಳು ಅಂದರು, "ಮಳೆಯನ್ನು ಪೂರ್ತಿ ನುಂಗಿಬಿಟ್ಟೆಯಲ್ಲ ಮಾರಾಯ!"

ಬಾರೂಕನ ಕಣ್ಣು ತುಂಬಿತು. "ಅಮ್ಮನ ಭತ್ತ ಅಂಗಳದಲ್ಲಿದೆ, ಗುರುಗಳೇ. ಅದು ನೆನೆದರೆ ಈ ವರ್ಷ ನಮಗೆ ಗಂಜಿಗೂ ಗತಿಯಿಲ್ಲ. ಕೂಗು ಬಂದ ಕಡೆಗೇ ದೇವರು ಮಳೆ ಕಳಿಸಿಬಿಟ್ಟರೆ?"

"ನಿನ್ನ ಕೂಗಿನ ಮೇಲೆ ಅಷ್ಟು ನಂಬಿಕೆಯೇ?"

"ನಂಬಿಕೆ ಇಲ್ಲದಿದ್ದರೆ ಯಾಕೆ ಕೂಗಬೇಕು?"

ಗುರುಗಳು ಹೊಳೆಯ ಕಡೆ ತಿರುಗಿದರು. ಹೊಳೆಯ ನೀರಿನಲ್ಲಿ ಮೋಡವೊಂದರ ನೆರಳು ತೇಲಿ ಹೋಗುತ್ತಿತ್ತು. ಅದು ಯಾವ ಊರಿಗೆ ಹೊರಟಿದೆಯೋ ಎಂದು ಇಬ್ಬರೂ ಬಹಳ ಹೊತ್ತು ನೋಡುತ್ತ ನಿಂತರು.

ಹಬ್ಬ ಕಳೆದ ಮರುಬೆಳಗು. ಮಂಜು ಇನ್ನೂ ಹರಿದಿರಲಿಲ್ಲ. ತೆಂಗಿನ ಗರಿಗಳ ಹೊರೆಯೊಂದು ಮನೆಯಂಗಳದತ್ತ ತಾನಾಗಿ ನಡೆದು ಬರುತ್ತಿರುವುದು ಬಾರೂಕನಿಗೆ ಕಂಡಿತು. ಕನಸೇ ಇರಬೇಕು ಅಂದುಕೊಂಡ. ಹೊರೆಯ ಕೆಳಗೆ ಗುರುಗಳ ಬರಿಗಾಲುಗಳಿದ್ದವು.

ಹಬ್ಬಕ್ಕೆ ಕಟ್ಟಿದ್ದ ಪರ್ಣಶಾಲೆಯ ಮಾಡನ್ನೇ ಅವರು ಬಿಚ್ಚಿ ತಂದಿದ್ದರು.

"ಹಬ್ಬದಲ್ಲಿ ಈ ಗರಿಗಳ ಸಂದಿಯಿಂದ ನಮಗೆ ನಕ್ಷತ್ರ ಕಾಣಬೇಕು. ಭತ್ತಕ್ಕೆ ಮಾತ್ರ ಕಾಣಬಾರದು. ಒತ್ತೊತ್ತಾಗಿ ಹೊದಿಸು."

ಇಬ್ಬರೂ ಸೇರಿ ಭತ್ತವನ್ನು ರಾಶಿ ಮಾಡಿ, ಗರಿ ಹೊದಿಸಿದರು. ಬಾರೂಕನ ತಾಯಿ ರೂತಮ್ಮ ಹೊಸ್ತಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಾರೂಕ ಕೈ ಕೊಡವಿಕೊಂಡ. ಎದೆ ಹಗುರಾಗಿತ್ತು. ಆದರೂ ಕೇಳದೆ ಇರಲಾಗಲಿಲ್ಲ.

"ಗುರುಗಳೇ, ಯೆರೂಸಲೇಮಿನ ಹೊಲಗಳನ್ನು ನಾನು ಕಂಡವನೇ ಅಲ್ಲ. ಅವುಗಳಿಗಾಗಿ ಇಷ್ಟು ದೂರದಿಂದ ನಾನು ಯಾಕೆ ಬೇಡಬೇಕು?"

ಗುರುಗಳು ಅವನ ಕೂದಲಿಗೆ ಸಿಕ್ಕಿಕೊಂಡಿದ್ದ ಗರಿಯ ಎಳೆಯನ್ನು ಮೆಲ್ಲನೆ ತೆಗೆದರು.

"ಬೆಳಗಿನ ಪ್ರಾರ್ಥನೆಗೆ ಹೊತ್ತಾಯಿತು, ನಡೆ. ಅದರಲ್ಲೂ ಮಳೆಯ ಮಾತಿದೆ. ನಿನ್ನ ಭತ್ತಕ್ಕೆ ಗರಿ ಹೊರಲು ನಾನಿದ್ದೆ. ಅಲ್ಲಿ ಬಿತ್ತಿ ಮಳೆಗೆ ಕಾದು ಕೂತವನಿಗೆ ನೀನಾದರೂ ಇರಬೇಡವೇನೋ?"